ನಂದು ಎನ್ನದವರ ವಿಲ್

ವಿಲ್ ಬರೆಯುವುದರಲ್ಲಿ ಏನು ಮಹಾ, ನಮೂನೆ ತೆಗೆದು ಹೆಸರು ತುಂಬಿದರೆ ಮುಗಿಯಿತು ಎಂದು ಮಹಾರಾಷ್ಟ್ರದ ಇಚಲಕರಂಜಿ ಕೋರ್ಟಿನ ನನ್ನ ವಕೀಲ ಗೆಳೆಯರು ಚಹಾ ಕುಡಿಯುತ್ತ ಹೇಳುತ್ತಾರೆ. ಹೇಳಲಿ ಬಿಡಿ. ನಾನು ಬರೆದುಕೊಟ್ಟ ವಿಲ್ ಇದುವರೆಗೆ ಯಾವ ನ್ಯಾಯಾಧೀಶರ ಮುಂದೆಯೂ ಬಿದ್ದುಹೋಗಿಲ್ಲ. ಇದನ್ನು ಜಂಭ ಎನ್ನುವವರು ಧಾರಾಳವಾಗಿ ಅನ್ನಲಿ. ಇಷ್ಟು ವರ್ಷ ಬಿಸಿಲಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡಿದ ಹೆಂಗಸಿಗೆ ಒಂದಿಷ್ಟು ಜಂಭಪಡುವ ಹಕ್ಕು ಇದ್ದೇ ಇದೆ. ಆದರೆ ಅವುಗಳಲ್ಲಿ ಒಂದು ವಿಲ್ ಮಾತ್ರ ನನ್ನ ನಮೂನೆಯನ್ನೆಲ್ಲ ಮೂಲೆಗೆ ಎಸೆಯುವ ಹಾಗೆ ಮಾಡಿತು. ಅದರ ಕಥೆ ಇದು.

ಆ ಹಿರಿಯರು ನನ್ನ ಆಫೀಸಿಗೆ ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಬಿಳಿ ಧೋತರ, ಹೆಗಲ ಮೇಲೊಂದು ಬಿಳಿ ವಸ್ತ್ರ, ಕಾಲಲ್ಲಿ ಚಪ್ಪಲಿ ಇಲ್ಲ. ಜೈನರು, ಮೂಲ ಗಡಹಿಂಗ್ಲಜ ಕಡೆಯವರು, ನನ್ನ ತವರಿನ ಪಕ್ಕದ ಹಳ್ಳಿ. ಇಚಲಕರಂಜಿಗೆ ಬಂದು ಸ್ವಂತ ದುಡಿಮೆಯಿಂದ ಒಂದು ಶೆಡ್ಡು, ಅದರೊಳಗೆ ಕೆಲವು ಮಾಗ, ಅಂದರೆ ವಿದ್ಯುತ್ ಮಗ್ಗ, ಹಿಂದುಗಡೆ ಒಂದು ಸಣ್ಣ ಮನೆ ಮಾಡಿಕೊಂಡವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಹಿಂದೆಯೇ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ತೀರಿಕೊಂಡ ಹೆಂಡತಿಯ ತಂಗಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಕ್ಕನ ಮನೆ ಸೇರಿದವರು, ಅಕ್ಕನ ಬಾಣಂತನ ಆಗಲಿಲ್ಲ ಎಂದರೂ ಕೊನೆಗಾಲದ ಸೇವೆ ಮಾಡಿದವರು, ಆಮೇಲೆ ಮಾಗ ನಡೆಸಿದವರು. ಇಡೀ ಗಲ್ಲಿ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ.

ಹಿರಿಯರು ಕುಳಿತವರೇ ಹೇಳಿದರು: "ವಕೀಲಬಾಯಿ, ಮನಿ, ಮಾಗ ಎಲ್ಲಾ ಈಕಿಗೆ ಬಿಟ್ಟೇನ್ರಿ. ನಗರಪಾಲಿಕಿಗೆ ಹೋಗಿ ಹೆಸರ ಬದಲಿ ಮಾಡ್ರಿ ಅಂದ್ರ, ಅಲ್ಲಿ ಕ್ಲಾರ್ಕ್ ಕಾಗದ ಎಲ್ಲೈತಿ ಅಂತಾನ. ಮಹಾರಾಜರ ಮುಂದ ಹೇಳೇನಿ, ಸಗಳಾ ಸಮಾಜ ಕೇಳೈತಿ. ಇನ್ನ ಎಂಥಾ ಕಾಗದ?"

ನಾನು ಮೊದಲು ಮಾವಶಿಯ ಕಡೆ ತಿರುಗಿದೆ. "ನೀವು ಹೊರಗ ಕುಂದ್ರಿ. ಹೊರಗ ಅಂದ್ರ ಬಾಗಿಲ ಹೊರಗ ಅಲ್ಲ, ಮನಿಗೆ ಹೋಗ್ರಿ."

ಅವರ ಮುಖ ಸಣ್ಣದಾಯಿತು. ಆಗಲಿ. ಆಸ್ತಿ ಯಾರಿಗೆ ಹೋಗುತ್ತದೋ ಅವರು ವಿಲ್ ಬರೆಯುವಾಗ ಹತ್ತಿರ ಸುಳಿದಾಡಿದರೆ, ಮುಂದೆ ಕೋರ್ಟಿನಲ್ಲಿ ಎದುರು ಪಕ್ಷದವರು ಹಿಡಿಯುವ ಮೊದಲ ಎಳೆಯೇ ಅದು: ಈಕೆಯೇ ಕರೆದುಕೊಂಡು ಬಂದಳು, ಈಕೆಯೇ ಬರೆಸಿದಳು. ನನ್ನ ಆಫೀಸಿನಲ್ಲಿ ವಾರಸುದಾರರು ರಿಕ್ಷಾದ ಬಾಡಿಗೆ ಕೊಡುವುದಕ್ಕೂ ಪರವಾನಗಿ ಇಲ್ಲ.

ಮಾವಶಿ ಹೋದ ಮೇಲೆ ಹಿರಿಯರು ಬಿಡಿಸಿ ಹೇಳಿದರು. ಅವರ ಊರಿನ ಬಸದಿಯಲ್ಲಿ ಆ ವರ್ಷ ಒಬ್ಬ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತಿದ್ದರು. ಮನೆಯಲ್ಲಿದ್ದುಕೊಂಡೇ ವ್ರತ ಹಿಡಿಯುವ ಜೈನರಿಗೆ, ಅಂದರೆ ಶ್ರಾವಕರಿಗೆ, ಹನ್ನೊಂದು ಮೆಟ್ಟಿಲುಗಳಿವೆ. ಇವರು ಒಂಬತ್ತನೆಯದನ್ನು ಹತ್ತಿದ್ದರು. ಅದು ಪರಿಗ್ರಹ ತ್ಯಾಗ, ಯಾವ ವಸ್ತುವನ್ನೂ ತನ್ನದು ಎನ್ನದಿರುವುದು. ಆ ದಿನ ಸಮಾಜದ ಮುಂದೆ ನಿಂತು, ಮನೆ ಮಾಗ ಎಲ್ಲ ನಾದಿನಿಗೆ ಎಂದು ಘೋಷಿಸಿದ್ದರು. ಅಲ್ಲಿಗೆ ಕೆಲಸ ಮುಗಿಯಿತೆಂದು ಅವರ ನಂಬಿಕೆ. ಈ ಭಾಗದ ಹಳೆಯ ಜೈನರಲ್ಲಿ ಬಹಳ ಜನರ ನಂಬಿಕೆ ಅದೇ. ಮಹಾರಾಜರ ಮುಂದೆ ಆಡಿದ ಮಾತಿಗಿಂತ ದೊಡ್ಡ ರಜಿಸ್ಟ್ರಿ ಇಲ್ಲ ಅವರಿಗೆ.

"ಅಜ್ಜಾರ, ಆ ಮಾತಿಗೆ ಕೋರ್ಟಿನ್ಯಾಗ ಕಿಮ್ಮತ್ತಿಲ್ರಿ," ಎಂದೆ. "ನಾಳೆ ನಿಮಗ ಏನರ ಆತಂದ್ರ, ಕಾಯಿದೆ ಪ್ರಕಾರ ಎಲ್ಲಾ ನಿಮ್ಮ ತೀರಿಹೋದ ಅಣ್ಣನ ಮಗಗ ಹೋಗ್ತೈತಿ. ಹೆಂಡ್ತಿ ತಂಗಿ ಕಾಯಿದೆ ಲೆಕ್ಕಕ್ಕ ನಿಮಗ ಯಾರೂ ಅಲ್ಲ."

"ಯಾರೂ ಅಲ್ಲ?" ಹಿರಿಯರಿಗೆ ಸಿಟ್ಟು ಬಂತು. "ಮೂವತ್ತ ವರ್ಷದಿಂದ ಆ ಮನ್ಯಾಗ ದೀಪಾ ಹಚ್ಚಾಕಿ ಯಾರ್ರಿ ಹಂಗಾರ?"

ಬದುಕಿರುವಾಗಲೇ ಬಕ್ಷೀಸ್ ಪತ್ರ, ಅಂದರೆ ದಾನಪತ್ರ, ಮಾಡಿಕೊಡುವ ದಾರಿ ಇತ್ತು. ಅದನ್ನು ಕೇಳಲು ಸಂಜೆ ಶೆಡ್ಡಿಗೇ ಹೋದೆ. ಮಾಗಗಳ ಖಟಖಟದಲ್ಲಿ ಮಾವಶಿ ಹರಿದ ಎಳೆ ಕಟ್ಟುತ್ತಿದ್ದರು. ಕಾಯಿದೆಗೆ ನೀವು ಅವರಿಗೆ ಯಾರೂ ಅಲ್ಲ, ಬಕ್ಷೀಸ್ ಪತ್ರ ಮಾಡಿಸೋಣ ಎಂಬ ನನ್ನ ಮಾತು ಕೇಳಿ ಸ್ವಿಚ್ ಆರಿಸಿ, ನನ್ನನ್ನು ಹೊರಗೆ ಕರೆತಂದು ಹೇಳಿದರು: "ಬಾವಾರು ಇರೂತನಕ ನಾ ಈ ಮನಿ ಮಾಲಕಿನ್ ಆಗೂದಿಲ್ರಿ. ಜನ ಏನಂದಾರು? ವಿಧವಿ ಬಂದ್ಲು, ಮುದುಕಗ ಮಳ್ಳ ಮಾಡಿ ಮನಿ ಬರಸ್ಕೊಂಡ್ಲು ಅಂತಾರ. ಅವರು ನನ್ನ ಮನ್ಯಾಗ ಊಟಾ ಮಾಡೂದಾ? ಛೀ ಛೀ. ಒಲ್ಲೆ."

"ಮತ್ತ ಅವರು ಹೋದಮ್ಯಾಲ ಎಲ್ಲಿಗೆ ಹೋಗ್ತೀರಿ?"

ಮಾವಶಿ ಕೈಗಂಟಿದ ನೂಲನ್ನು ಬಿಡಿಸಿಕೊಂಡರು. "ಹೆದರಿಕಿ ಐತ್ರಿ," ಎಂದರು. "ಸುಳ್ಳ ಯಾಕ ಹೇಳ್ಲಿ. ಈ ಮಾಗ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ. ಈ ಮನಿ ಬಿಟ್ರ ನನಗ ಊರ ಇಲ್ಲ."

ಹಾಗಾಗಿ ವಿಲ್ ಒಂದೇ ದಾರಿ. ಹಿರಿಯರು ಇರುವವರೆಗೆ ಅವರ ಹೆಸರು, ಹೋದ ಮೇಲೆ ಇವರದು. ಸೊಗಸಾಗಿ ಕೂಡುತ್ತದೆ ಎಂದುಕೊಂಡು ಕನ್ನಡದಲ್ಲೇ ಕರಡು ಮಾಡಿದೆ. ಈ ಊರಿನಲ್ಲಿ ಎಲ್ಲರೂ ವಿಲ್‌ಅನ್ನು ಮರಾಠಿಯಲ್ಲಿ ಬರೆಯುತ್ತಾರೆ. ಆದರೆ ಹಿರಿಯರು ಓದುವುದು, ಯೋಚಿಸುವುದು ಕನ್ನಡದಲ್ಲಿ. ಬರೆದದ್ದು ಅವರಿಗೆ ತಿಳಿದಿರಲಿಲ್ಲ ಎಂದು ಮುಂದೆ ಯಾರೂ ಅನ್ನಬಾರದು. ಮರಾಠಿ ಅನುವಾದವನ್ನು ಜೊತೆಗಿಟ್ಟರೆ ರಜಿಸ್ಟ್ರಾರ್ ಒಪ್ಪಲೇಬೇಕು. ಕಾಯಿದೆಯಲ್ಲಿ ಅದಕ್ಕೆ ಜಾಗವಿದೆ.

ಹಿರಿಯರು ಕರಡನ್ನು ಬೆರಳಿಟ್ಟು ಓದಿದರು. ಆಸ್ತಿಯ ಒಡೆತನ ಹೇಳುವ ಎರಡನೆಯ ಸಾಲಿಗೇ ಬೆರಳು ನಿಂತಿತು. "ಇದೇನು? 'ಸದರಿ ಮಿಳಕತ್ತು ನನ್ನ ಸ್ವಂತ ಮಾಲಕಿಯದಾಗಿದ್ದು'? ತಗೀರಿ ಇದನ್ನ. ನಂದು ಅನ್ನೂದು ಬಿಟ್ಟೇನಿ ಅಂತ ಮಹಾರಾಜರ ಮುಂದ ಹೇಳಿ ಬಂದು, ಇಲ್ಲಿ ನಂದು ಅಂತ ಸಹಿ ಮಾಡ್ಲಾ?"

"ನಿಮ್ಮದಲ್ಲದ್ದನ್ನ ಇನ್ನೊಬ್ಬರಿಗೆ ಹೆಂಗ ಬರದ ಕೊಡ್ತೀರಿ ಅಜ್ಜಾರ? ಮಾಲಕಿ ಇಲ್ದ ವಿಲ್ ನಿಲ್ಲೂದಿಲ್ರಿ!"

"ನಿಲ್ಲದಿದ್ರ ಬೀಳ್ಲಿ. ವ್ರತಾ ಬೀಳಬಾರದು." ಎದ್ದು ನಡೆದೇಬಿಟ್ಟರು. ನಾನು ಮೇಜಿನ ಮೇಲೆ ಫೈಲು ಕುಕ್ಕಿದ ಸದ್ದು ಪಕ್ಕದ ಝೆರಾಕ್ಸ್ ಅಂಗಡಿಯವರೆಗೂ ಕೇಳಿಸಿತಂತೆ.

ಮುಂದಿನ ವಾರ ಅಣ್ಣನ ಮಗನೇ ಬಂದ. ಕೊಲ್ಹಾಪುರದಲ್ಲಿ ವ್ಯಾಪಾರ, ಇಸ್ತ್ರಿ ಮಾಡಿದ ಅಂಗಿ, ಸಕ್ಕರೆಯಂಥ ಮಾತು. ಶೆಡ್ಡಿನ ಜಾಗದಲ್ಲಿ ಗೋದಾಮು ಕಟ್ಟುವ ಯೋಚನೆ ಅವನದು. "ಮ್ಯಾಡಂ, ಕಾಕಾರು ವಿಲ್ ಮಾಡಾಕತ್ತಾರಂತ ಕೇಳ್ದೆ. ಆದ್ರ ಅವರು ಸಗಳಾ ತ್ಯಾಗ ಮಾಡ್ಯಾರಲ್ರಿ, ನಾನೂ ಅಲ್ಲೇ ಕೈ ಮುಗದ ನಿಂತಿದ್ನಿ. ಅವರೇ ತಮ್ಮದಲ್ಲ ಅಂದಮ್ಯಾಲ ವಿಲ್ ಎಲ್ಲಿಂದ ಬರ್ತೈತಿ? ಮಾವಶಿಗೆ ಒಂದ ಖೋಲಿ ಕೊಡ್ತೀನಿ ಬಿಡ್ರಿ, ನಾನೂ ಮನಷ್ಯಾನ."

ಅವನು ದುಷ್ಟನಲ್ಲ. ಆದರೆ ಎಂಥ ಚತುರ! ತ್ಯಾಗದ ಮಾತಿನಿಂದ ಮಾವಶಿಗೆ ಏನೂ ಸಿಗುವುದಿಲ್ಲ, ಆದರೆ ಅದೇ ಮಾತಿನಿಂದ ವಿಲ್ ಮಾತ್ರ ಸಾಯುತ್ತದೆ ಎಂದು ಅವನ ಲೆಕ್ಕ. ಎರಡೂ ಕಡೆಯಿಂದ ಗೆಲ್ಲುವವನು ಅವನೇ. ಚಹಾ ಕುಡಿಸಿ ಕಳಿಸಿದೆ. ಅವನು ಹೋದ ಮೇಲೆ ಕಾಯಿದೆ ಪುಸ್ತಕ ತೆಗೆದು ಕುಳಿತೆ.

ಅಷ್ಟರಲ್ಲಿ ಮಾವಶಿಯಿಂದ ಇನ್ನೊಂದು ಸುದ್ದಿ. ಹಿರಿಯರು ಗಂಟು ಕಟ್ಟಿಕೊಂಡು ಊರಿನ ಬಸದಿಗೆ ಹೋಗಿ ಉಳಿದಿದ್ದರು. ಆಶ್ವಿನದ ಹುಣ್ಣಿಮೆಗೆ ಹತ್ತನೆಯ ಮೆಟ್ಟಿಲು ಹತ್ತುವವರಿದ್ದರು. ಹತ್ತನೆಯದೆಂದರೆ ಅನುಮತಿ ತ್ಯಾಗ. ಆಮೇಲೆ ಮನೆ, ಮದುವೆ, ವ್ಯಾಪಾರ, ಯಾವ ಸಂಸಾರದ ವಿಷಯಕ್ಕೂ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಅಂದರೆ ಹುಣ್ಣಿಮೆ ದಾಟಿದರೆ ಅವರ ಸಹಿಯನ್ನು ಯಾರೂ ಪಡೆಯುವಂತಿಲ್ಲ.

ಆಗ ನಾನು ಮಾಡಿದ ನಿರ್ಧಾರಕ್ಕೆ ಬಾರ್ ರೂಮಿನಲ್ಲಿ ಇನ್ನೂ ನಗುತ್ತಾರೆ. ಕಾಯಿದೆ ಪುಸ್ತಕ ಮುಚ್ಚಿಟ್ಟು, ಗಡಹಿಂಗ್ಲಜದ ಎಸ್.ಟಿ. ಬಸ್ಸು ಹತ್ತಿದೆ, ಮಹಾರಾಜರನ್ನೇ ಕಾಣಲು. ವ್ರತವನ್ನು ಎದುರು ಪಕ್ಷವೆಂದು ನೋಡುತ್ತ ಕುಳಿತರೆ ನಾನು ಸೋಲುತ್ತೇನೆ ಎಂದು ನನಗೆ ಅನ್ನಿಸಿತ್ತು. ಅದು ನಿಜಕ್ಕೂ ಏನು ಹೇಳುತ್ತದೆ ಎಂದು ಕೇಳಿಯೇ ಬಿಡೋಣ ಎಂದು ಹೊರಟೆ.

ಬಸದಿಯ ಜಗಲಿಯಲ್ಲಿ ಮಧ್ಯಾಹ್ನದ ಪ್ರವಚನ ಮುಗಿದಿತ್ತು. ಹಿರಿಯರು ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿಯೂ ನೋಡದ ಹಾಗೆ ಮಾಡಿದರು. ನಾನು ಮಹಾರಾಜರಿಗೆ ಕೈ ಮುಗಿದು ಮನೆ, ಮಾಗ, ವಿಲ್ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಆಸ್ತಿಯ ಮಾತು ನಮಗ ಬೇಡ. ಅದಕ್ಕ ನಾವು ಏನೂ ಹೇಳೂದಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾದವೆಲ್ಲ ಹೋಯಿತು. ಎದ್ದು ಹೋಗಬೇಕಾದವಳು, ಕೋರ್ಟಿನ ಅಭ್ಯಾಸಬಲದಿಂದ ಪ್ರಶ್ನೆಯನ್ನೇ ಬದಲಿಸಿದೆ. "ಆಸ್ತಿ ಬಿಡ್ರಿ ಮಹಾರಾಜ್. ವ್ರತದ ಮಾತು ಕೇಳ್ತೀನಿ. ಪರಿಗ್ರಹ ಬಿಡೂ ಶ್ರಾವಕ ಅದನ್ನ ಹೆಂಗ ಬಿಡಬೇಕು? ರಸ್ತಾದಾಗ ಒಗದ ಹೋದ್ರ ನಡೀತೈತೋ?"

ಮಹಾರಾಜರು ನಕ್ಕರು. "ಒಗದ ಹೋಗೂದು ತ್ಯಾಗ ಅಲ್ಲವಾ. ಯೋಗ್ಯರನ್ನ ಕರದು, ಹಿರಿಯರ ಎದುರಿಗೆ, ಭಾರ ಅವರ ಕೈಯಾಗ ಇಟ್ಟು ಹೋಗಬೇಕು. ಇವ ಬಿಟ್ಟ ವಸ್ತುವಿನ ಸಲುವಾಗಿ ಹಿಂದ ಉಳದವರು ಬಡದಾಡಿದ್ರ ಅದು ಹಿಂಸಾ. ಆ ಹಿಂಸಾದ ಪಾಲು ಬಿಟ್ಟವಗೂ ಬರ್ತೈತಿ."

ಇಷ್ಟೇ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಗೋಡೆಗೆ ಒರಗಿದ್ದ ಹಿರಿಯರು ನೆಟ್ಟಗೆ ಕುಳಿತಿದ್ದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಇನ್ನೊಮ್ಮಿ ಬರೀರಿ," ಎಂದರು. "ಆದ್ರ 'ನಂದು' ಬ್ಯಾಡ."

ನನ್ನ ವಕೀಲಿಯಲ್ಲಿ ಅದಕ್ಕಿಂತ ಒಳ್ಳೆಯ ಕರಡನ್ನು ನಾನು ಬರೆದಿಲ್ಲ. ಈ ಮೊದಲು ವ್ರತವನ್ನು ಮುಚ್ಚಿಡಲು ನೋಡಿದ್ದೆ. ಈಗ ಅದನ್ನೇ ಮೊದಲ ಕಲಮಿನಲ್ಲಿ ಬರೆದೆ. ಇಂಥ ಖರೀದಿ ಪತ್ರದ ಪ್ರಕಾರ ಮನೆ ಮತ್ತು ಶೆಡ್ಡು ಸರ್ಕಾರಿ ದಫ್ತರದಲ್ಲಿ ಈ ಹೆಸರಿನಲ್ಲಿ ನಡೆದು ಬಂದಿದೆ. ವ್ರತ ಹಿಡಿದ ದಿನ ಮೋಹ ಬಿಟ್ಟಿದ್ದೇನೆಯೇ ಹೊರತು ಯಾರಿಗೂ ದಾಖಲೆಯಲ್ಲಿ ವರ್ಗ ಮಾಡಿಲ್ಲ, ಇದು ನನಗೆ ತಿಳಿದಿದೆ. ಇದರ ಭಾರ ಉಸಿರಿರುವವರೆಗೆ ನನ್ನ ಮೇಲಿದೆ. ಉಸಿರು ನಿಂತ ಕ್ಷಣದಿಂದ ನನ್ನ ನಾದಿನಿಯದು. ಅಣ್ಣನ ಮಗನ ಮೇಲೆ ಸಿಟ್ಟಿಲ್ಲ, ಅವನಿಗೆ ಬೇರೆ ಆಸರೆ ಇದೆ, ಇವಳಿಗೆ ಇಲ್ಲ. ಹೀಗೆ ಕಾರಣವನ್ನೂ ಬರೆದೆ. ಹತ್ತಿರದ ರಕ್ತಸಂಬಂಧಿಯನ್ನು ಬಿಟ್ಟರೆ ಯಾಕೆ ಬಿಟ್ಟೆ ಎಂದು ವಿಲ್‌ನಲ್ಲಿ ಇರಲೇಬೇಕು. 'ಮಾಲಕಿ' ಎಂಬ ಮಾತು ಎಲ್ಲೂ ಇಲ್ಲ. ಹಿರಿಯರು ಬೆರಳಿಟ್ಟು ಕೊನೆಯವರೆಗೆ ಓದಿದರು. "ಹ್ಞಾಂ, ಇದು ನನ್ನ ಮಾತು," ಎಂದರು.

ಸಾಕ್ಷಿಗೆ ಇಬ್ಬರನ್ನು ಆರಿಸಿದೆ: ಹಿರಿಯರಿಗೆ ಔಷಧ ಕೊಡುವ ಡಾಕ್ಟರು ಮತ್ತು ಒಬ್ಬ ನಿವೃತ್ತ ಕನ್ನಡ ಮಾಸ್ತರರು. ಇಬ್ಬರೂ ಕನ್ನಡ ಬಲ್ಲವರು, ಇಬ್ಬರೂ ಹಿರಿಯರಿಗಿಂತ ಚಿಕ್ಕವರು. ಬರೆಸಿದವರಿಗಿಂತ ಮೊದಲು ಹೋಗುವ ಸಾಕ್ಷಿಯಿಂದ ಏನು ಉಪಯೋಗ? ಬುದ್ಧಿ ಸ್ವಾಧೀನದಲ್ಲಿದೆ ಎಂದು ಡಾಕ್ಟರು ಅದೇ ದಿನ ಸರ್ಟಿಫಿಕೇಟ್ ಕೊಡಬೇಕು ಎಂದೂ ಹೇಳಿಟ್ಟೆ.

ನಿಗದಿಯಾದ ದಿನ ರಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಡೌನ್. ಸಂಜೆವರೆಗೆ ಕುಳಿತು ಎದ್ದು ಬಂದೆವು. ಮುಂದಿನ ಸರದಿ ಸಿಕ್ಕದ್ದು ಹುಣ್ಣಿಮೆಯ ಹಿಂದಿನ ದಿನ. ಸಿಕ್ಕಿತಲ್ಲ ಎಂದು ನಿಟ್ಟುಸಿರು ಬಿಟ್ಟೆ. ಹುಣ್ಣಿಮೆಯ ಹಿಂದಿನ ದಿನ ಚತುರ್ದಶಿ, ಚತುರ್ದಶಿಗೆ ಹಿರಿಯರು ಉಪವಾಸ ಮತ್ತು ಮೌನ ಎಂಬುದು ನನಗೆ ಗೊತ್ತಾದದ್ದು ಅವರು ರಿಕ್ಷಾದಿಂದಿಳಿದು, ನನ್ನ ನಮಸ್ಕಾರಕ್ಕೆ ಕೈ ಮುಗಿದು, ಬಾಯಿಗೆ ಬೆರಳಿಟ್ಟು ತೋರಿಸಿದಾಗ. ಅಯ್ಯೋ ದೇವರೇ, ತಲೆ ಚಚ್ಚಿಕೊಳ್ಳುವುದೊಂದು ಬಾಕಿ! ಇವತ್ತು ಮಾತಿಲ್ಲ, ನಾಳೆಯಿಂದ ಅನುಮತಿಯೇ ಇಲ್ಲ.

ಒಳಗೆ ಅಧಿಕಾರಿ ಮರಾಠಿ ಅನುವಾದವನ್ನು ಓದಿ ಹಿರಿಯರನ್ನು ಕೇಳಿದರು, "ಬೋಲಾ ಆಜೋಬಾ, ಹೇ ತುಮ್ಹೀಚ ಲಿಹೂನ ದಿಲಂಯ ಕಾ?" ಇದನ್ನು ನೀವೇ ಬರೆದುಕೊಟ್ಟದ್ದೋ ಎಂದು. ಹಿರಿಯರು ಸುಮ್ಮನೆ. ಅಧಿಕಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೌನವ್ರತ ಎಂದು ವಿವರಿಸಿದೆ. ಮಾತಾಡಲು ಬಾರದವರು ಬರೆದು ಒಪ್ಪಿಗೆ ಕೊಡಬಹುದಾದರೆ ಇವರೂ ಕೊಡಬಹುದು ಎಂದು ವಾದಿಸಿದೆ. ಬಹಳ ಹೊತ್ತಿನ ಮೇಲೆ ಅವರು ಒಪ್ಪಿ ಒಂದು ಹಾಳೆ ಕೊಟ್ಟರು. ಹಿರಿಯರು ಕನ್ನಡದಲ್ಲಿ ಬರೆದರು, ಮಾಸ್ತರರು ಮರಾಠಿಯಲ್ಲಿ ಹೇಳಿದರು: ಹೌದು, ನಾನೇ ಬರೆಸಿದ್ದು, ಯಾರ ಬಲವಂತವೂ ಇಲ್ಲ.

ಮುಗಿಯಿತು ಅನ್ನುವಷ್ಟರಲ್ಲಿ ಅಧಿಕಾರಿ ಮತ್ತೆ ಅನುವಾದ ತಿರುವಿ ಹಾಕಿ, ಓದಲು ಬಾರದಿದ್ದರೂ ಆಡಲು ಬರುವ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು. "ಪಣ ಮಿಳಕತ ಕೋಣಾಚೀ? ಆಸ್ತಿ ಯಾರದು? ಮಾಲಕಿ ಯಾರದಂತ ಎಲ್ಲೂ ಬರದಿಲ್ಲಲ್ಲ. ಹೆಸರು, ಭಾರ ಅಂತ ಏನೇನೋ ಐತಿ. ಇದು ಇವರದೋ ಅಲ್ಲೋ?"

ಆ ಪ್ರಶ್ನೆ ಕೇಳುವ ಅಧಿಕಾರ ಅವರಿಗಿರಲಿಲ್ಲ. ಮಾಲಕಿ ವಿಚಾರಿಸುವುದು ಕೋರ್ಟಿನ ಕೆಲಸ, ರಜಿಸ್ಟ್ರಾರರದಲ್ಲ. ಅದನ್ನೇ ಹೇಳಿ ಜಗಳ ತೆಗೆಯಲು ಬಾಯಿ ತೆರೆದಿದ್ದೆ. ಹಿರಿಯರು ನನ್ನ ಕೈ ಮುಟ್ಟಿ ತಡೆದರು. ಹಾಳೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಮೊದಲು ಬರೆದ ಸಾಲಿನ ಕೆಳಗೆ ಪೆನ್ನು ಇಟ್ಟರು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದರು:

"ಮನಿ ನಂದು. ಮಾಗ ನಂದು. ನಾ ಹೋದಮ್ಯಾಲ ಎರಡೂ ಆಕಿವು. ತಿಳದ ಬರದೇನಿ."

ಮಾಸ್ತರರು ಅದನ್ನು ಮರಾಠಿಯಲ್ಲಿ ಹೇಳುವ ಮೊದಲು ಎರಡು ಸಲ ಓದಿಕೊಂಡರು. ಅವರಿಗೂ ಈ ವ್ರತ ಗೊತ್ತಿತ್ತು. ಅಧಿಕಾರಿಗೆ ಏನೂ ಗೊತ್ತಿಲ್ಲ. ಹಾಳೆಯನ್ನು ದಸ್ತಾವೇಜಿಗೆ ಜೋಡಿಸಿ ಶಿಕ್ಕಾ ಹೊಡೆದು ಮುಂದಿನವರನ್ನು ಕರೆದರು. ಹಿರಿಯರು ಅಂದೇ ಬಸದಿಗೆ ಮರಳಿ, ಮೌನ ಮುಗಿದ ಮೇಲೆ ಮಹಾರಾಜರ ಮುಂದೆ ತಪ್ಪು ಒಪ್ಪಿಕೊಂಡು ಪ್ರಾಯಶ್ಚಿತ್ತ ಕೇಳಿದರಂತೆ. ಹತ್ತನೆಯ ಮೆಟ್ಟಿಲನ್ನು ಮುಂದೂಡಿ, ಮತ್ತಷ್ಟು ಉಪವಾಸ ಮಾಡಿ, ಆಮೇಲೆ ಹತ್ತಿದರು. ಈ ಮಾತನ್ನು ಮಾವಶಿಗೆ ಹೇಳಬಾರದೆಂದು ನನಗೂ ಮಾಸ್ತರರಿಗೂ ಹೇಳಿ ಕಳಿಸಿದರು. ನಾವು ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಹಿರಿಯರು ಆ ಬಸದಿಯಲ್ಲೇ ಶಾಂತವಾಗಿ ತೀರಿಕೊಂಡರು. ನಿರೀಕ್ಷಿಸಿದ್ದಂತೆ ಅಣ್ಣನ ಮಗ ತಕರಾರು ತೆಗೆದ. ವಿಲ್‌ಗೆ ಕೋರ್ಟಿನ ಮೊಹರು ಪಡೆಯಲು ಕೊಲ್ಹಾಪುರದ ಜಿಲ್ಲಾ ನ್ಯಾಯಾಲಯಕ್ಕೆ ಹೋದೆವು. ಮಾಸ್ತರರು ಸಾಕ್ಷಿ ಕಟ್ಟೆ ಹತ್ತಿದರು. ಎದುರಿನ ವಕೀಲರು ಜಿಲ್ಲೆಗೇ ಹೆಸರಾದವರು. ವ್ರತದ ವಿಷಯವನ್ನು ಎಳೆಎಳೆಯಾಗಿ ಹೊರಗೆಳೆದರು, ಮಾಸ್ತರರು ಎಲ್ಲಕ್ಕೂ ಹೌದೆಂದರು. ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಕಷ್ಟವಿತ್ತು, ಹಿರಿಯರ ಮಾತಿಗೆ ಕಟ್ಟುಬಿದ್ದು ಆ ಹಾಳೆಯನ್ನು ನಾನಾಗಿ ಎತ್ತುವಂತಿರಲಿಲ್ಲ. ಗೆದ್ದ ಹುರುಪಿನಲ್ಲಿ ಅವರು ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರು: "ಅಂದರೆ ವ್ರತ ಹಿಡಿದ ಮೇಲೆ ಈ ಮಿಳಕತ್ತು ನನ್ನದು ಎಂದು ಅವರು ಒಮ್ಮೆಯೂ ಅಂದಿಲ್ಲ, ಹೌದಲ್ಲ?"

"ಅಂದಿಲ್ರಿ, ಆ ದಿನ ಮೌನ ಇತ್ತು," ಎಂದರು ಮಾಸ್ತರರು. "ಬರದಾರ."

ನ್ಯಾಯಾಧೀಶರು ದಸ್ತಾವೇಜು ತರಿಸಿ, ಎದುರಿನ ವಕೀಲರು ಓದಿಸಿ ನೋಡದಿದ್ದ ಕನ್ನಡದ ಆ ಹಾಳೆಯನ್ನು ಓದಲು ಹೇಳಿದರು. ಮಾಸ್ತರರು ಶಾಲೆಯಲ್ಲಿ ಓದುವ ಹಾಗೆ, ವರಾಂಡದವರೆಗೂ ಕೇಳಿಸುವಷ್ಟು ಗಟ್ಟಿಯಾಗಿ ಓದಿದರು. ಅಣ್ಣನ ಮಗ ತಲೆ ತಗ್ಗಿಸಿದ. ಅವನೂ ಜೈನನೇ, ಆ ಮಾತಿನ ತೂಕ ಆ ಕೋರ್ಟಿನಲ್ಲಿ ನನಗಿಂತ ಅವನಿಗೇ ಹೆಚ್ಚು ಗೊತ್ತಾಗಿರಬೇಕು. ಮಧ್ಯಾಹ್ನದ ಬಿಡುವಿನ ನಂತರ ಅವನ ವಕೀಲರು ತಕರಾರು ಹಿಂದಕ್ಕೆ ಪಡೆಯುತ್ತೇವೆಂದು ಅರ್ಜಿ ಕೊಟ್ಟರು.

ಗೆದ್ದ ಖುಷಿಯಲ್ಲಿ ನಾನು ವರಾಂಡಕ್ಕೆ ಓಡಿ ಬಂದೆ. ಮಾವಶಿ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

"ಯಾಕ್ರಿ ಮಾವಶಿ, ಮನಿ ನಿಮ್ಮದಾತಲ್ರಿ!"

"ಮನೀ ಸಲುವಾಗಿ ಅಲ್ರಿ ವಕೀಲಬಾಯಿ," ಎಂದರು. "ಮಹಾರಾಜರ ಮುಂದ ಬಿಟ್ಟ ಮಾತ ನನ್ನ ಸಲುವಾಗಿ ತಿರಗಿ ಬರದ್ರು. ಆಮ್ಯಾಲ ಎಷ್ಟ ಸಲ ಬಸದಿಗೆ ಹೋಗಿ ಕಂಡೇನಿ, ನನಗೊಂದ ಮಾತ ಹೇಳ್ಲಿಲ್ಲ. ನಾ ಅವರಿಗೆ ಯಾರೂ ಅಲ್ಲ ಅಂದಿತ್ತಲ್ರಿ ನಿಮ್ಮ ಕಾಯಿದೆ. ಯಾರೂ ಅಲ್ದವರ ಸಲುವಾಗಿ ಯಾರರ ವ್ರತಾ ಮುರೀತಾರೇನ್ರಿ?"